ಗುಲಾಬಿ ಬಿದ್ದ ಕಡೆ

ಪೂಜಾ, ಆಕಾಶ,

ಮೊನ್ನೆ ನೀವಿಬ್ಬರೂ ಫೋನಿನಲ್ಲಿ ನಿಮ್ಮವ್ವನ ಮದುವೆಯ ವಿಡಿಯೋ ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಕೊನೆಗೆ ಹೆಸರು ಬರುವಾಗ ಮೇಲಿನಿಂದ ಕೆಂಪು ಗುಲಾಬಿಗಳು ಬಿದ್ದು ಬಿದ್ದು ವಿಡಿಯೋ ಮಾಡಿದವನ ಹೆಸರೇ ಮುಚ್ಚಿಹೋಗುತ್ತದಲ್ಲ, ಅದಕ್ಕೆ. "ಅಜ್ಜೀ, ಈ ಮನಷ್ಯಾಗ ತನ್ನ ಹೆಸರರ ನೆಟ್ಟಗ ಹಾಕ್ಕೊಳ್ಳಾಕ ಬರ್ತಿದ್ದಿಲ್ಲೇನ?" ಎಂದು ಆಕಾಶ ಕೇಳಿದ. ನಾನು ಹಾಲು ಉಕ್ಕೀತು ಎಂದು ನೆವ ಹೇಳಿ ಒಳಗೆ ಹೋದೆ. ಮಂದಿಯ ಮುಂದೆ ಬಾಯಿ ಬಿಟ್ಟು ಹೇಳುವುದು ಮೊದಲಿನಿಂದಲೂ ನನಗೆ ಆಗದ ಕೆಲಸ. ನಿಮ್ಮಿಬ್ಬರ ಮುಂದೆಯೂ ಆಗಲಿಲ್ಲ. ಹಳ್ಳಿಯ ಸಾಲಿಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮನುಷ್ಯನ ಹೆಸರು ಧನಪಾಲ. ಯಾರದಾದರೂ ತಲೆ ತೆಗೆಯುವ ಮೊದಲು ಅವನು ಅವರಿಗೆ ಕೈ ಮುಗಿಯುತ್ತಿದ್ದ.

ತಲೆ ಎಂದರೆ ವಿಡಿಯೋದಲ್ಲಿನ ತಲೆ. ಯಾವ ಮದುವೆಯಲ್ಲಾದರೂ ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಒಬ್ಬ ಹಿರಿಯ ಕ್ಯಾಮೆರಾದ ಮುಂದೆ ಬಂದು ನಿಂತುಬಿಡುತ್ತಾನೆ. ಅವನು ಬಂದ ಭಾಗವನ್ನು ಕಿತ್ತು ಹಾಕಿ ಬೇರೆ ಚಿತ್ರ ಕೂಡಿಸಬೇಕು. ಧನಪಾಲ ಕಂಪ್ಯೂಟರಿನ ಗಾಜಿನ ಮುಂದೆ ಎರಡೂ ಕೈ ಜೋಡಿಸುತ್ತಿದ್ದ. "ಕಾಕಾರ, ತಪ್ಪ ತಿಳಕೋಬ್ಯಾಡ್ರಿ. ದೂರದಿಂದ ಬಂದೀರಿ, ಹೊಸಾ ರುಮಾಲ ಸುತಗೊಂಡ ಬಂದೀರಿ, ಎಲ್ಲಾ ಖರೆ. ಆದ್ರ ನಿಮ್ಮ ಬೆನ್ನ ಹಿಂದ ಮದುಮಗಳು ಅದಾಳರಿ." ಇಷ್ಟು ಹೇಳಿದ ಮೇಲೆಯೇ ಕೈ ಮೌಸಿನ ಮೇಲೆ ಹೋಗುತ್ತಿತ್ತು. ನಾನು ಅಡುಗೆ ಮನೆಯಿಂದ ಕೇಳಿಸಿಕೊಂಡು, ಒಳಗೆ ಯಾರೋ ಬೀಗರು ಬಂದಿದ್ದಾರೆ ಎಂದು ಚಹಾಕ್ಕೆ ನೀರು ಇಟ್ಟದ್ದೂ ಉಂಟು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಗೋಕಾಕಿನ ನಮ್ಮ ಮನೆಯ ಮುಂದಿನ ಖೋಲಿಯನ್ನು ಅವನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಹುಕ್ಕೇರಿ ತಾಲೂಕಿನ ಕಣಗಲಾದವನು, ಒಕ್ಕಲುತನದ ಜೈನರ ಮನೆತನ. ಅಣ್ಣ ಹೊಲ ನೋಡುತ್ತಿದ್ದ, ಇವನಿಗೆ ಕ್ಯಾಮೆರಾದ ಹುಚ್ಚು. ನನಗಿಂತ ಹತ್ತು ವರ್ಷ ಚಿಕ್ಕವನು. ಉದ್ದನೆಯ ಕುತ್ತಿಗೆ, ಸದಾ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಬಗ್ಗಿದ ಹೆಗಲು. ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಹೊತ್ತು ಮುಳುಗುವ ಮುಂಚೆ ಉಣ್ಣುವುದು ಅವರ ಪದ್ಧತಿ, ಹೀಗಾಗಿ ಸಂಜೆಯಾದರೆ ಮಶೀನು ಎಷ್ಟೇ ಕೆಲಸದಲ್ಲಿದ್ದರೂ ಎದ್ದುಬಿಡುತ್ತಿದ್ದ. ಕಂಪ್ಯೂಟರಿನ ಡಬ್ಬಿಯೊಳಗೆ ಇರುವೆ ಹೊಕ್ಕಾಗ, ಎಲ್ಲರೂ ಪುಡಿ ಹಾಕು ಎಂದರೂ ಕೇಳದೆ, ನವಿಲುಗರಿಯಿಂದ ಒಂದೊಂದನ್ನೇ ಹೊರಗೆ ಕರೆತಂದ. ಆ ದಿನ ಯಮಕನಮರಡಿಯ ಮದುವೆಯವರು ಕ್ಯಾಸೆಟ್ಟಿಗಾಗಿ ಬಂದು ಬಾಗಿಲಲ್ಲಿ ಕೂತಿದ್ದರು. "ಏನ್ರಿ, ನಮ್ಮ ಲಗ್ನದ ಕೆಲಸಾನೋ ಇರವಿ ಲಗ್ನದ ಕೆಲಸಾನೋ?" ಎಂದು ಅವರಲ್ಲೊಬ್ಬ ಕೇಳಿದ. "ಅವಕ್ಕ ಹೋಗಾಕ ಹಾದಿ ಗೊತ್ತಿಲ್ಲರಿ, ನಿಮಗ ಗೊತ್ತೈತಿ," ಎಂದ ಧನಪಾಲ.

ಅವನ ಕಂಪ್ಯೂಟರಿನೊಳಗಿನ ಮಿಕ್ಸಿಂಗ್ ಪ್ರೋಗ್ರಾಮಿನ ಗುಣ ನಿಮಗೆ ಹೇಳಬೇಕು. ಅದು ಒಮ್ಮೆಗೆ ಎರಡೇ ಚಿತ್ರ ಹಿಡಿಯುತ್ತಿತ್ತು, ಕೆಳಗೊಂದು, ಮೇಲೊಂದು. ಮೂರನೆಯದು ಕೊಟ್ಟರೆ ಒಪ್ಪುತ್ತಿರಲಿಲ್ಲ. ಮೂರನೆಯದು ಬೇಕೇಬೇಕೆಂದರೆ ಮೊದಲಿನ ಎರಡನ್ನು ಬೆಸೆದು ಒಂದು ಮಾಡಿ, ಆ ಒಂದರ ಮೇಲೆ ಮತ್ತೊಂದನ್ನು ಇಡಬೇಕು. ಹಾಗೆ ಬೆಸೆದಾಗಲೆಲ್ಲ ಚಿತ್ರದ ಬಣ್ಣ, ಒಗೆದೊಗೆದ ಸೀರೆಯ ಹಾಗೆ, ಒಂದಿಷ್ಟು ಕಳೆಗುಂದುತ್ತಿತ್ತು. ಬೆಸೆಯಲಿಕ್ಕೆ ಹಗಲೆಲ್ಲ ಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಅದಕ್ಕಾಗಿ ಅವನು ಮದುವೆಯನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡು ಬೆಸೆಯುತ್ತಿದ್ದ, ಹೋದರೆ ಒಂದು ತುಂಡು ಹೋಗಲಿ ಎಂದು. ಎಲ್ಲಾದರೂ ಅಂಚು ಹರಿದಂತೆ ಕಂಡರೆ ಅಲ್ಲಿ ಗುಲಾಬಿ ಉದುರಿಸುತ್ತಿದ್ದ. ಆ ಗುಲಾಬಿಗಳು ಪ್ರೋಗ್ರಾಮಿನ ಜೊತೆಗೇ ಬಂದಿದ್ದವು. "ನನ್ನ ಕ್ಯಾಸೆಟ್ಟಿನ್ಯಾಗ ಗುಲಾಬಿ ಬಿದ್ದ ಕಡೆ ತಪ್ಪ ಐತಿ ಅಂತ ತಿಳಕೋರಿ ಅಕ್ಕಾರ. ಮಂದಿ ಚಂದ ಐತಿ ಅಂತಾರ. ನನಗ ಮಾರಿ ಎತ್ತಾಕ ಆಗೂದಿಲ್ಲ."

ಆಗಿನ ಮದುವೆಗಳಲ್ಲಿ ಗಂಡು ಹೆಣ್ಣನ್ನು ಒಂದು ಬಣ್ಣದ ಅರಿವೆಯ ಮುಂದೆ ನಿಲ್ಲಿಸಿ, ಮಶೀನಿನಲ್ಲಿ ಆ ಬಣ್ಣವನ್ನು ಅಳಿಸಿ, ಹಿಂದೆ ಬೇರೆ ದೃಶ್ಯ ಕೂಡಿಸುತ್ತಿದ್ದರು. ಉಳಿದವರೆಲ್ಲ ಹಿಮದ ಗುಡ್ಡ, ಪರದೇಶದ ತೋಟ ಹಾಕಿದರೆ ಧನಪಾಲ ಮಳೆಗಾಲದಲ್ಲಿ ಧುಪದಾಳಕ್ಕೆ ಹೋಗಿ ಒಡ್ಡಿನ ಮೇಲಿಂದ ಧುಮುಕುವ ನೀರನ್ನು ತಾನೇ ತೆಗೆದುಕೊಂಡು ಬಂದಿದ್ದ. ಅರಿವೆ ಮಾತ್ರ ತಿಳಿಯದೆ ಹಸಿರು ತಂದ. ಯಮಕನಮರಡಿಯ ಆ ಮದುಮಗಳ ಎರಡೂ ಕೈ ತುಂಬ ಹಸಿರು ಬಳೆ. ಮಶೀನಿಗೆ ಬಳೆ ಯಾವುದು ಅರಿವೆ ಯಾವುದು ಹೇಗೆ ತಿಳಿಯಬೇಕು? ಹಸಿರೆಲ್ಲ ಅಳಿಸಿತು. ಮುಂಗೈ ಬೇರೆ, ಮೊಣಕೈ ಬೇರೆ, ನಡುವೆ ಧುಪದಾಳದ ನೀರು ಹರಿಯುತ್ತಿತ್ತು.

ಕ್ಯಾಸೆಟ್ಟು ಹಾಕಿ ನೋಡಿದ ದಿನ ಆ ಹುಡುಗಿಯ ಅಜ್ಜಿ ಅತ್ತು ಊಟ ಬಿಟ್ಟಳಂತೆ. ಮೊಮ್ಮಗಳ ಬಳೆ ಹೋಯಿತು ಎಂದು. ಧನಪಾಲ ಕ್ಯಾಸೆಟ್ಟು ಹಿಂದೆ ತರಿಸಿಕೊಂಡು, ತುಂಡು ತುಂಡಾಗಿ ಎಲ್ಲ ಮತ್ತೆ ಬೆಸೆದು, ಬಳೆ ಇರಬೇಕಾದ ಕಡೆಯಲ್ಲೆಲ್ಲ ಗುಲಾಬಿ ಕೂಡಿಸಿದ. ಅಷ್ಟಕ್ಕೆ ಅವನ ಮನಸ್ಸು ಸಮಾಧಾನವಾಗಲಿಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಒಂದು ದಿನ ಇದೆ. ಎದುರಿಗೆ ಸಿಕ್ಕವರಿಗೆ ಕೈ ಮುಗಿದು "ಉತ್ತಮ ಕ್ಷಮಾ" ಎನ್ನುತ್ತಾರೆ, ಅವರೂ ತಿರುಗಿ "ಉತ್ತಮ ಕ್ಷಮಾ" ಎನ್ನಬೇಕು. ಧನಪಾಲ ಆ ದಿನ ಬಸ್ಸು ಹತ್ತಿ ಯಮಕನಮರಡಿಗೆ ಹೋಗಿ ಆ ಅಜ್ಜಿಯ ಮುಂದೆ ಕೂತು, "ಅವ್ವಾ, ನಿಮ್ಮ ಮೊಮ್ಮಗಳ ಬಳಿ ಒಂದೂ ಒಡದಿಲ್ಲರಿ. ನನ್ನ ಮಶೀನಿಗೆ ಕಣ್ಣಿಲ್ಲ ಅಷ್ಟ," ಎಂದು ಹೇಳಿ ಬಂದ. ಮುದುಕಿ ಅವನಿಗೆ ಮಜ್ಜಿಗೆ ಕುಡಿಸಿ ಕಳಿಸಿದಳಂತೆ. ಅಲ್ಲಿಂದ ಪ್ರತಿ ವರ್ಷ ಆ ದಿನ ಅವನು ತನ್ನ ವಿಡಿಯೋಗಳಲ್ಲಿ ಯಾರು ಯಾರನ್ನು ಕತ್ತರಿಸಿದ್ದನೋ, ಯಾರ ಬಣ್ಣ ಕೆಡಿಸಿದ್ದನೋ, ಅವರ ಮನೆಗಳನ್ನೆಲ್ಲ ತಿರುಗುತ್ತಿದ್ದ. ತಮ್ಮನ್ನು ಕತ್ತರಿಸಿದ್ದು ಎಷ್ಟೋ ಮಂದಿಗೆ ಅವನು ಬಂದು ಹೇಳಿದ ಮೇಲೆಯೇ ಗೊತ್ತಾಗಿ ಜಗಳ ಬಿದ್ದದ್ದೂ ಉಂಟು.

ಹಸಿರು ಅರಿವೆಯನ್ನು ಮಡಚಿ ಕಂಪ್ಯೂಟರಿಗೆ ಧೂಳು ಕೂರದಂತೆ ಹೊದಿಸಲು ಇಟ್ಟ. ನೀಲಿ ಅರಿವೆ ತಂದ.

ನಿಮ್ಮವ್ವ ಶೋಭಾಳ ಮದುವೆ ಗೋಕಾಕಿನ ಮಂಗಲ ಕಾರ್ಯಾಲಯದಲ್ಲಿ ಆಯಿತು. ಮೂಡಲಗಿಯ ಬೀಗರು. ನಿಮ್ಮಪ್ಪನ ಸೋದರತ್ತೆ ತಂಗೆವ್ವ ಬಂದವಳೇ ಬಳೆಯಿಲ್ಲದ ನನ್ನ ಬರಿಗೈ ನೋಡಿ, "ನೀ ಒಳಗ ಉಗ್ರಾಣದ ಕಡೆ ನೋಡಕೋವಾ, ಅಕ್ಕಿಕಾಳ ಬೀಳೂತನಾ ಹೊರಗ ಬರಬ್ಯಾಡ," ಎಂದಳು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಆಗಿನ ರೀತಿ ಹಾಗಿತ್ತು. ಹಿಂದಿನ ದಿನವೇ ನಿಮ್ಮವ್ವ ನನ್ನ ಕೈ ಹಿಡಿದು, "ಯಾರ ಏನ ಅಂದ್ರೂ ನೀ ಬಂದ ನಿಂದರಬೇಕ ಅವ್ವಾ," ಎಂದಿದ್ದಳು. ಹೂಂ ಎಂದಿದ್ದೆ. ಆದರೆ ವಾಲಗ ಜೋರಾದಾಗ ನಾನು ಉಗ್ರಾಣದ ಬಾಗಿಲಿನ ಹಿಂದೆ, ಸಕ್ಕರೆ ಚೀಲಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಹೊಸ್ತಿಲು ದಾಟಲಿಲ್ಲ. ತಂಗೆವ್ವ ಹೇಳಿದಳು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಅಷ್ಟು ಮಂದಿಯ ಕಣ್ಣು ನನ್ನ ಮೇಲೆ ಬೀಳುತ್ತದಲ್ಲ, ಅದೇ ದೊಡ್ಡ ಹೆದರಿಕೆ. ಹೋಗಬೇಡ ಎಂದು ಒಬ್ಬರು ಹೇಳಿದ್ದು ನನಗೆ ಒಳಗೊಳಗೆ ಹಗುರವೇ ಆಗಿತ್ತು.

ಮದುವೆಯಾದ ಮುಂದಿನ ವಾರ ಧನಪಾಲ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತ. ಯಾವಾಗಲೂ ಬರುವವನಲ್ಲ.

"ಅಕ್ಕಾರ, ಶೋಭಾನ ಲಗ್ನಾ ಮಿಕ್ಸಿಂಗ್ ಮಾಡಾಕ ಆಗವಲ್ದರಿ."

"ಯಾಕ ತಮ್ಮಾ, ಮಶೀನ ಕೆಟ್ಟೈತೇನು?"

"ಮಶೀನ ಬೇಷ ಐತ್ರಿ. ಆಕಿ ಗಂಡನ್ನ ನೋಡವಲ್ಲಳು, ಸ್ವಾಮಿಗೋಳನ್ನ ನೋಡವಲ್ಲಳು. ಅಕ್ಕಿಕಾಳ ಬೀಳಾಕತ್ತಾವು, ಆಕಿ ಹೊಳ್ಳಿ ಹೊಳ್ಳಿ ಉಗ್ರಾಣದ ಬಾಗಲಾ ನೋಡಾಕತ್ತಾಳು. ಬಾಗಲದಾಗ ಯಾರೂ ಇಲ್ಲ. ಎಷ್ಟ ಅಂತ ಕತ್ತರಸಲಿ?"

ಹಿಟ್ಟಿನ ಕೈಯಲ್ಲೇ ಹೋಗಿ ನೋಡಿದೆ. ನನ್ನ ಮಗಳು ಬಾಸಿಂಗದ ಕೆಳಗಿಂದ ಖಾಲಿ ಬಾಗಿಲನ್ನು ನೋಡುತ್ತಿದ್ದಳು. ಆ ಬಾಗಿಲಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಕಡೆ, ನಾನಿದ್ದೆ.

"ನೀವ ಹೂಂ ಅಂದ್ರ ಅಲ್ಲಿ ನಿಮ್ಮನ್ನ ನಿಂದರಸ್ತೇನ್ರಿ," ಎಂದ ಧನಪಾಲ, ನೆಲ ನೋಡುತ್ತ. "ಸುಳ್ಳಿನ ಕೆಲಸ. ಆದ್ರ ಆ ಹುಡಗಿ ಕಣ್ಣ ಸುಳ್ಳ ಆಗಬಾರದು ನೋಡ್ರಿ."

ನಾನು ಹೂಂ ಎನ್ನಲಿಕ್ಕೆ ಬಹಳ ದಿನ ಹಿಡಿಯಿತು. ಕೊನೆಗೆ ಒಂದು ಮಧ್ಯಾಹ್ನ ಖೋಲಿಯಲ್ಲಿ ನೀಲಿ ಅರಿವೆಯ ಮುಂದೆ ನಿಂತೆ. ನಿಮ್ಮಜ್ಜ ಹೋದ ಮೇಲೆ ನಾನು ಉಡುತ್ತಿದ್ದದ್ದೆಲ್ಲ ನೀಲಿ ಸೀರೆ. ಮಶೀನು ಅದನ್ನೂ ನುಂಗಿತು. ಮದುವೆಯ ಬಾಗಿಲಲ್ಲಿ ನನ್ನ ಮುಖ ಒಂದು, ಕೈ ಎರಡು, ಗಾಳಿಯಲ್ಲಿ ತೇಲುತ್ತಿದ್ದವು. "ಅಕ್ಕಾರ, ಹಿಂಗ ಕಳಿಸಿದ್ರ ಮೂಡಲಗಿ ಮಂದಿ ಊರ ಬಿಡ್ತಾರ," ಎಂದ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಿಮ್ಮಜ್ಜ ಹೋದ ಮೇಲೆ ನನ್ನ ನಗು ನನ್ನ ಕಿವಿಗೆ ಬಿದ್ದದ್ದು ಅಂದೇ ಮೊದಲು.

ಅವನೂ ನಗುತ್ತ ಕಂಪ್ಯೂಟರಿನ ಮೇಲಿದ್ದ ಹಸಿರು ಅರಿವೆ ತೆಗೆದು ಝಾಡಿಸಿದ. "ಇದ ನಡೀತೈತ್ರಿ. ನಿಮಗ ಹಸರ ನಡೀತೈತಿ. ನಿಮ್ಮ ಕೈಯಾಗ..."

ಅಲ್ಲಿಗೇ ನಿಂತ. ಯಾವ ಮದುಮಗಳಿಗೂ ಆಗದ ಆ ಅರಿವೆ ನನಗೆ ಯಾಕೆ ಆಗುತ್ತದೆ ಎಂಬುದು ಇಬ್ಬರಿಗೂ ಒಮ್ಮೆಗೇ ಹೊಳೆಯಿತು. ನಾನು ಸೆರಗಿನೊಳಗೆ ಕೈ ಎಳೆದುಕೊಂಡೆ. ಅವನು ಮೊಳೆಗೆ ಅರಿವೆ ಕಟ್ಟಿದ. ತಟ್ಟೆಯಲ್ಲಿ ಅರಿಸಿನ ಹಚ್ಚಿದ ಅಕ್ಕಿಕಾಳು ಇಟ್ಟ. ಕ್ಯಾಮೆರಾ ಚಾಲೂ ಮಾಡಿ, ತಾನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

"ನಾ ನೋಡೂದಿಲ್ಲರಿ. ಇಲ್ಲಿ ಯಾರೂ ಇಲ್ಲ. ಹಾಕ್ರಿ."

ನಾಚಿಕೆಯ ಹೆಂಗಸು ನಾನು, ಅವನ ಬೆನ್ನನ್ನು ನೋಡುತ್ತ ಮಗಳ ಮೇಲೆ ಅಕ್ಷತೆ ಹಾಕಿದೆ. ಮಗಳು ಅಲ್ಲಿರಲಿಲ್ಲ. ಕಾಳುಗಳು ನೆಲಕ್ಕೆ ಬಿದ್ದ ಸಪ್ಪಳ ಇನ್ನೂ ಕಿವಿಯಲ್ಲಿದೆ.

ಮೇಲೆ ಕೂಡಿಸಿದ ನನ್ನ ಚಿತ್ರ ಯಾವಾಗಲೂ ಎಲ್ಲರ ಮುಂದೆಯೇ ಇರುತ್ತದಲ್ಲ, ಹೀಗಾಗಿ ಬಾಗಿಲ ಮುಂದೆ ಹಾದುಹೋದವರು ನನ್ನ ಹಿಂದಿನಿಂದ ಹೋದಂತೆ ಕಾಣುತ್ತಿತ್ತು. ಯಾರೂ ಹಾಯದ ಚೂರುಗಳನ್ನಷ್ಟೇ ಆರಿಸಿ ಆರಿಸಿ ನನ್ನನ್ನು ಅಲ್ಲಿಟ್ಟ. ಕಾಲಿನ ಕಡೆ ಅಂಚು ಕೂಡಲಿಲ್ಲ. ಗುಲಾಬಿ ಉದುರಿಸಿದ.

ನಿಮ್ಮವ್ವ ಕ್ಯಾಸೆಟ್ಟು ನೋಡಿ ನನ್ನ ಕುತ್ತಿಗೆಗೆ ಬಿದ್ದಳು. "ನೀ ಬಂದ ನಿಂತಿದ್ದಿ ಅವ್ವಾ! ನನ್ನ ಕಣ್ಣಾಗ ನೀರ ತುಂಬಿ ಕಾಣಲೇ ಇಲ್ಲ ನೋಡ." ನಾನು ಅವಳ ಬೆನ್ನು ಸವರಿದೆ. ಆಗಲೇ ಹೇಳಬೇಕಿತ್ತು.

ಅದಾದ ಕೆಲವು ತಿಂಗಳಿಗೆ ನಿಮ್ಮಪ್ಪ ಮೋಟರ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ತಂಗೆವ್ವ ಮೂಡಲಗಿಯ ಮನೆಯಲ್ಲಿ ಕೂತು ಒಂದೇ ಮಾತು ಹಿಡಿದಳು. "ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಇಕಿ ಬಂದ ಬಾಗಲದಾಗ ನಿಂತಿದ್ಳು, ಕ್ಯಾಸೆಟ್ಟಿನ್ಯಾಗ ಐತಿ, ಬ್ಯಾಡ ಅಂದರೂ ಬಂದಿದ್ಳು." ಇನ್ನಿಬ್ಬರು ಬೀಗರಂತೂ ನನ್ನನ್ನು ಅಲ್ಲಿ ತಾವು ಕಣ್ಣಾರೆ ಕಂಡದ್ದಾಗಿ ಹೇಳಿದರು. ಆ ಮಾತೆಲ್ಲ ದಿನವೂ ಬೀಳುತ್ತಿದ್ದದ್ದು ನಿಮ್ಮವ್ವನ ಮೇಲೆ. ಅವಳು ಮಾತ್ರ, "ನಮ್ಮವ್ವ ಬಂದಿದ್ಲು. ಬಂದದ್ದ ಚಲೋ ಆತು," ಎಂದು ಎದುರು ನಿಲ್ಲುತ್ತಿದ್ದಳು.

ಸುದ್ದಿ ಕೇಳಿ ಧನಪಾಲ ಕ್ಯಾಮೆರಾ, ಮೂಲ ಟೇಪು ಚೀಲಕ್ಕೆ ಹಾಕಿಕೊಂಡ. "ನಡೀರಿ ಅಕ್ಕಾರ, ಮೂಡಲಗಿಗೆ. ನಿಮ್ಮ ಮ್ಯಾಲ ಮಾತ ಬರಬಾರದು." ಅಲ್ಲಿ ಬೀಗರ ಪಡಸಾಲೆಯಲ್ಲಿ ಟಿ.ವಿ.ಗೆ ವಾಯರು ಹಚ್ಚಿ ಎಲ್ಲರಿಗೂ ತೋರಿಸಿದ. "ನೋಡ್ರಿ, ಬಾಗಲಾ ಖಾಲಿ ಐತಿ. ಈ ತಾಯಿ ಹೊರಗ ಬಂದಿಲ್ಲ. ನಾನ ಮಿಕ್ಸಿಂಗಿನ್ಯಾಗ ತಂದ ಕೂಡಸೇನಿ. ಬೈಯೂದಿದ್ರ ನನಗ ಬೈರಿ."

"ಹಂಗಂದ್ರ ಬಂದೇ ಇಲ್ಲಂತೀ? ಸುಳ್ಳ ವಿಡಿಯೋ ಮಾಡ್ತಿ ಏನೋ ಮಬ್ಬ?" ಎಂದು ತಂಗೆವ್ವ ಅವನಿಗೆ ಬೇಕಾದಷ್ಟು ಬೈದಳು. ಆದರೆ ಅವಳ ಮುಖದಲ್ಲಿ ಸಮಾಧಾನ ಬಂದಿತ್ತು. ನಾನು ಕಂಬದ ಮರೆಯಲ್ಲಿ ಕೂತಿದ್ದೆ. ನಾನೇ ಹೂಂ ಎಂದದ್ದು, ನಾನೇ ಅಕ್ಷತೆ ಹಾಕಿದ್ದು ಎನ್ನಲು ಬಾಯಿ ಬರಲಿಲ್ಲ. ಧನಪಾಲನೂ ನಾನೂ ಒಂದು ಸಂಗತಿ ಮರೆತಿದ್ದೆವು. ನಿಮ್ಮವ್ವ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಆ ಖಾಲಿ ಬಾಗಿಲನ್ನು ನೋಡುತ್ತಿದ್ದಳು. ನೋಡಿದಳು, ಒಳಗೆ ಹೋದಳು. ಪಾತ್ರೆ ತಿಕ್ಕುವ ಸಪ್ಪಳ ಕೇಳಿಸಿತು. ಆ ದಿನದಿಂದ ಈ ದಿನದವರೆಗೆ ಅವಳು ನನ್ನನ್ನು ಒಂದು ಮಾತು ಕೇಳಿಲ್ಲ.

ಬರುವಾಗ ಬಸ್ಸಿನಲ್ಲಿ ಧನಪಾಲ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಒಂದ ತಪ್ಪ ಮುಚ್ಚಾಕ ಹೋಗಿ ದೊಡ್ಡದ ಮಾಡಿದ್ನಿರಿ," ಎಂದ. ಮೂಡಲಗಿಯ ಕಡೆಯ ಮದುವೆಗಳು ಆಮೇಲೆ ಅವನಿಗೆ ಬರಲಿಲ್ಲ. ಇಲ್ಲದವರನ್ನು ಇದ್ದಂತೆ ತೋರಿಸುವವನು ಎಂಬ ಹೆಸರು ನಿಂತಿತು.

ಆ ಭಾದ್ರಪದದಲ್ಲಿ ಅವನು ಮೊದಲು ಬಂದದ್ದು ನನ್ನ ಬಾಗಿಲಿಗೆ. "ಅವತ್ತ ಹಸರ ಅರಬಿ ಹಿಡಕೊಂಡ ಒಂದ ಮಾತ ಅಂದಿದ್ನಿ. ಮೂಡಲಗ್ಯಾಗ ಇನ್ನೊಂದ ಮಾಡಿದ್ನಿ. ಉತ್ತಮ ಕ್ಷಮಾ, ಅಕ್ಕಾರ." ನಾನು ಸೆರಗು ಸರಿಪಡಿಸಿಕೊಂಡು ತಲೆ ಅಲ್ಲಾಡಿಸಿದೆ. ತಿರುಗಿ ಆ ಮಾತು ಹೇಳಬೇಕೆಂದು ಗೊತ್ತಿತ್ತು. ಅದು ಅವರ ಧರ್ಮದ ಮಾತು, ನಾನು ಆಡಿದರೆ ಚಂದವೋ ಅಲ್ಲವೋ ಎಂದು ನಾಚಿಕೆ. ಮುಂದೆ ಖೋಲಿ ಬಿಟ್ಟು ಕಣಗಲಾಕ್ಕೆ ಹೋದ ಮೇಲೂ ಆ ದಿನ ತಪ್ಪದೆ ಬಂದ. ಪ್ರತಿ ಸಲವೂ ನಾನು ಚಹಾ ಕೊಟ್ಟೆ, ಮಾತು ಕೊಡಲಿಲ್ಲ.

ಕೊನೆಯ ಸಲ ಬಂದಾಗ ಬಹಳ ಸೊರಗಿದ್ದ. ಕೈಯಲ್ಲಿ ಒಂದು ಸಿ.ಡಿ. ಇತ್ತು. ಹೊಸ ಪ್ರೋಗ್ರಾಮು ಬಂದಿದೆ, ಅದಕ್ಕೆ ಎಷ್ಟು ಚಿತ್ರ ಕೊಟ್ಟರೂ ಹಿಡಿಯುತ್ತದೆ, ಶೋಭಾಳ ಮದುವೆಯನ್ನು ಮೊದಲಿನಿಂದ ಮತ್ತೆ ಕೂಡಿಸಿದ್ದೇನೆ ಎಂದ. ಅವನ ಕಣ್ಣಲ್ಲಿ ಎಂದೂ ಕಾಣದ ಖುಷಿ. "ಈಗ ನಿಮ್ಮ ಮುಂದ ಮಂದಿ ಹಾದ ಹೋಗ್ತಾರ್ರಿ. ಕಾಲಾಗ ಹೂವೂ ಇಲ್ಲ. ಖರೇನ ನಿಂತಂಗ ಕಾಣತೀರಿ."

"ಬ್ಯಾಡಪಾ ತಮ್ಮಾ," ಎಂದೆ. "ಮತ್ಯಾಕ ಅದನ್ನ ಎಬ್ಬಸ್ತಿ?"

ಅವನ ಹೆಗಲು ಮತ್ತೆ ಬಗ್ಗಿತು. ಸಿ.ಡಿ.ಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೈ ಮುಗಿದು ಆ ಎರಡು ಮಾತು ಹೇಳಿ, ಎಂದಿಗಿಂತ ಒಂದಿಷ್ಟು ಹೆಚ್ಚು ಹೊತ್ತು ನಿಂತ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ. ಮರುವರ್ಷ ಆ ದಿನ ಹೊತ್ತು ಮುಳುಗುವ ತನಕ ಬಾಗಿಲು ತೆರೆದಿಟ್ಟೆ. ದಸರೆಯ ಮುಂದೆ ಅವನ ಅಣ್ಣ ಸಂತೆಯಲ್ಲಿ ಸಿಕ್ಕು, ಧನಪಾಲ ಬೇಸಿಗೆಯಲ್ಲೇ ತೀರಿಹೋದನೆಂದು ಹೇಳಿದ.

ಸಿ.ಡಿ.ಯನ್ನು ನಾನು ನೋಡದೆ ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದೆ. ಪೂಜಾ, ನೀನೇ ಅದನ್ನು ಹುಡುಕಿ ತೆಗೆದು ಅಂಗಡಿಯಲ್ಲಿ ಫೋನಿಗೆ ಹಾಕಿಸಿಕೊಂಡು ಬಂದದ್ದು. ಹೀಗಾಗಿ ಮೊನ್ನೆ ನಾನೂ ನಿಮ್ಮ ಜೊತೆಗೇ ಮೊದಲ ಸಲ ನೋಡಿದೆ. ಹೌದು, ಈಗ ಮಂದಿ ನನ್ನ ಮುಂದೆ ಹಾದು ಹೋಗುತ್ತಾರೆ. ನನ್ನ ಕಾಲು ಹೊಸ್ತಿಲ ಮೇಲಿದೆ. ಮಗಳು ನೋಡಿದ ಕಡೆ ನಾನಿದ್ದೇನೆ. ಮದುವೆಯಲ್ಲಿ ಎಲ್ಲಿಯೂ ಒಂದು ಗುಲಾಬಿ ಇಲ್ಲ. ಕೊನೆಗೆ ಅವನ ಹೆಸರು ಬಂದಾಗ ಮಾತ್ರ ಉಳಿದ ಗುಲಾಬಿಗಳೆಲ್ಲ ಅದರ ಮೇಲೆ ಬಿದ್ದವು.

ಆಕಾಶ, ಅವನಿಗೆ ತನ್ನ ಹೆಸರು ಹಾಕಿಕೊಳ್ಳಲಿಕ್ಕೆ ಬರುತ್ತಿತ್ತು. ನಾನು ಒಳಗೆ ಹೋದದ್ದು ಹಾಲಿಗಾಗಿ ಅಲ್ಲ. ಒಲೆಯ ಮುಂದೆ ನಿಂತು, ಅವನಿಗೆ ತಿರುಗಿ ಹೇಳದಿದ್ದ ಆ ಎರಡು ಮಾತು ಗಟ್ಟಿಯಾಗಿ ಹೇಳಿದೆ. ಕೇಳುವವರು ಯಾರೂ ಇರಲಿಲ್ಲ, ಅದಕ್ಕೇ ಹೇಳಲಿಕ್ಕೆ ಬಂತು.

ನಿಮ್ಮವ್ವ ಈ ಹೊಸದನ್ನು ಇನ್ನೂ ನೋಡಿಲ್ಲ. ನೋಡುವ ಮೊದಲು ಅವಳು ಈ ಹಾಳೆಗಳನ್ನು ಓದಬೇಕು, ಬಾಗಿಲು ಖಾಲಿ ಇತ್ತು ಎಂಬುದನ್ನು ಈ ಸಲ ನನ್ನಿಂದಲೇ ಕೇಳಬೇಕು. ಕೈಗೆ ಕೊಡುವ ಧೈರ್ಯ ನನಗೆ ಬರುವ ತನಕ, ಬರದಿದ್ದರೆ ನಾನು ಹೋದ ಮೇಲೂ, ಇವನ್ನು ಒದ್ದೆಯಾಗದಂತೆ, ಹರಿಯದಂತೆ, ಆ ಸಿ.ಡಿ.ಯ ಜೊತೆಗೇ ಇಡಿ.